ಕಮಲಾಪುರದ ತೊಟ್ಟಿಗೆ ಹೆಪ್ಪು

ದೌಲಪ್ಪ ಮಾಡಿದ್ದು ಪ್ರೀತಿಯಿಂದಲೇ. ಸಾಹೇಬರು ನೋಡಲು ಬರುತ್ತಾರೆಂದರೆ ರಸ್ತೆಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಎಳೆಯುವುದು ನಮ್ಮ ಕಡೆಯ ವಾಡಿಕೆ. ಕಮಲಾಪುರದ ಗಟಾರದ ನೀರು ಶುದ್ಧ ಮಾಡುವ ಘಟಕಕ್ಕೆ ಅವನು ವಾಚಮನ್. ಗೆರೆ ಎಳೆದ, ಗೇಟಿನ ಮುಂದೆ ರಂಗೋಲಿ ಹಾಕಿಸಿದ. ಆಮೇಲೆ ಸಾಹೇಬರ ಮೂಗಿಗೆ ವಾಸನೆ ಬಡಿಯಬಾರದೆಂದು, ಉಳಿದ ಚೀಲಗಳನ್ನು ಗಾಳಿ ಊದುವ ದೊಡ್ಡ ತೊಟ್ಟಿಗೇ ಸುರುವಿಬಿಟ್ಟ.

ಘಟಕ ನಡೆಸುವ ಪಂಚಶೀಲಾ ಅಂದು ಇರಲಿಲ್ಲ. ಮಗಳಿಗೆ ಜ್ವರ ಬಂದು ಕಲಬುರಗಿಯ ಗಾಜಿಪುರದ ಮನೆಯಲ್ಲೇ ಉಳಿದಿದ್ದಳು. ಮರುದಿನ ಬಸ್ಸಿಳಿದು ಬಂದು ನೋಡಿದರೆ ತೊಟ್ಟಿಯ ಕಂದು ನೊರೆ ಮಾಯವಾಗಿ, ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿತ್ತು. ಹೊಲಸು ತಿಂದು ನೀರನ್ನು ತಿಳಿ ಮಾಡುವ, ಕಣ್ಣಿಗೆ ಕಾಣದ ಜೀವಗಳೆಲ್ಲ ಸತ್ತಿದ್ದವು.

"ಏನ್ ಹಾಕಿದಿ ಕಾಕಾ?"

"ಪೌಡರವ್ವಾ. ಸಾಹೇಬರು ಭಾಳ ಖುಷಿ ಆದ್ರು. ಎಳ್ಳಷ್ಟೂ ವಾಸನಿ ಇಲ್ಲಂದ್ರು."

"ಸ್ಮಶಾನದಾಗ ಗದ್ದಲ ಇರ್ತದೇನು?"

ಮುದುಕನಿಗೆ ಅರ್ಥವಾಗಿ ಮುಖ ಕಪ್ಪಿಟ್ಟಿತು. ಅವನ ಕೈಯಲ್ಲಿ ಅವಳ ಮಗುವಿಗೆಂದು ತಂದ ಕೆಂಪು ಬಾಳೆಹಣ್ಣುಗಳಿದ್ದವು. ಇನ್ನೇನು ಬೈಯುವುದು?

ಘಟಕದ ನೀರು ಬೀಳುವುದು ಕೆಳಗಿನ ಹಳ್ಳಕ್ಕೆ. ದಂಡೆಯ ಮೇಲಿನ ಮಸ್ತಾನಬಿ ಹೊಲಸಿಗೆ ಹೇಸಿ ಎಷ್ಟೋ ವರ್ಷ ತನ್ನ ಎಮ್ಮೆಗಳನ್ನು ಅಲ್ಲಿಗೆ ಇಳಿಸಿರಲಿಲ್ಲ. ಘಟಕ ಸುರುವಾದ ಮೇಲೆ "ಈಗ ಇಳಸ್ರಿ, ನನ್ನ ಮಾತಿನ ಮ್ಯಾಲೆ" ಎಂದವಳು ಪಂಚಶೀಲಾಳೇ. ಆ ಮಾತು ಉಳಿಯಬೇಕಿತ್ತು. ಹಳ್ಳದ ಕಡೆಯ ಬಾಗಿಲು ಕೆಳಗಿಳಿಸಿ ಮುಚ್ಚಿ, ಊರಿನ ಕೊಳಚೆಯನ್ನು ಪಕ್ಕದ ಖಾಲಿ ಕೊಳಕ್ಕೆ ತಿರುಗಿಸಿದಳು. ಕೊಳ ತುಂಬುವವರೆಗಷ್ಟೇ ಅವಕಾಶ. ನೆಟ್ಟಗೆ ಮಸ್ತಾನಬಿಯ ಅಂಗಳಕ್ಕೆ ಹೋದಳು.

"ಎಮ್ಮಿ ಇಳಿಸಬ್ಯಾಡ್ರಿ ಅಮ್ಮಾ. ನಮ್ಮ ಕಡಿಂದ ತಪ್ಪಾಗ್ಯಾದ."

"ಗೊತ್ತದ ಬೇಟಿ. ಮುಂಜಾನಿ ಮೂಸಿ ನೋಡಿ ತಿರುಗಿ ಬಂದಾವ. ನಿನಗಿಂತ ಮೊದಲ ಅವಕ್ಕ ಖಬರ್ ಆಗ್ಯಾದ."

"ಮತ್ತ ಸುದ್ದ ಮಾಡ್ತೀನ್ರಿ."

"ಮಾಡು. ನಾ ನಂಬಿದ್ರ ಏನ್ ಬಂತು, ಅವು ನಂಬಬೇಕು."

ಮನೆಯಲ್ಲಿ ಹೆಪ್ಪು ತೀರಿದರೆ ಬಗಲ ಮನೆಯಿಂದ ಬಟ್ಟಲಲ್ಲಿ ಇಸಿದುಕೊಂಡು ಬರುವುದಿಲ್ಲವೇ? ಪಂಚಶೀಲಾ ಹಾಗೇ ಮಾಡಿದಳು. ಕಲಬುರಗಿಯ ದೊಡ್ಡ ಘಟಕಕ್ಕೆ ಫೋನು ಹಚ್ಚಿ, ಅವರ ತೊಟ್ಟಿಯ ಜೀವಂತ ಕೆಸರು ಬೇಡಿದಳು. ಡ್ರೈವರ್ ಚಾಂದಪಾಶಾನ ಟ್ಯಾಂಕರು ತುಂಬಿಸಿಕೊಂಡು ಹೊರಟಾಗ ಮಗಳೂ ಅವಳ ತೊಡೆಯ ಮೇಲಿದ್ದಳು. ಜ್ವರ ಬಿಟ್ಟಿತ್ತು, ಸೆರಗು ಬಿಟ್ಟಿರಲಿಲ್ಲ.

"ಮಹಾಗಾಂವ ಕ್ರಾಸಿನಾಗ ಚಾ ಕುಡದು ಹೋಗೂಣಕ್ಕಾ," ಎಂದ ಚಾಂದಪಾಶಾ.

"ಹಿಂದ ಕೆಸರಿನಾಗಿನವ್ರು ಗಾಳಿ ಇಲ್ದ ಉಸಿರು ಹಿಡಕೊಂಡು ಕುಂತಾರ. ಮೊದ್ಲ ಅವ್ರನ್ನ ಇಳಸು."

"ಟಿಕೀಟಿಲ್ದ ಇಷ್ಟ ಮಂದಿನ್ನ ನಮ್ಮಪ್ಪನೂ ಒಯ್ದಿಲ್ಲ ಬಿಡು," ಎನ್ನುತ್ತ ಅವನು ಗೇರು ಬದಲಿಸಿದ.

ಮೊದಲ ಖೇಪಿನ ಕೆಸರು ಹಿಡಿಯಲಿಲ್ಲ. ಪೌಡರಿನ ಉರಿ ಇನ್ನೂ ನೀರಿನಲ್ಲಿತ್ತು. ಅವಸರ ಮಾಡಿದ್ದು ತಾನೇ ಎಂದು ಪಂಚಶೀಲಾಳಿಗೆ ತಿಳಿಯಿತು. ಗಾಳಿ ಊದಿಸಿ ಉರಿ ಇಳಿಯುವವರೆಗೆ ಕಾದು, ಮತ್ತೆ ಟ್ಯಾಂಕರು ಕಳಿಸಿದಳು. ಕೊಳ ಅಂಚಿಗೆ ಬಂದಿತ್ತು. ದೌಲಪ್ಪ ಆ ಪೌಡರಿನ ಖಾಲಿ ಚೀಲಗಳಿಗೇ ಮಣ್ಣು ತುಂಬಿ ದಂಡೆಯ ಮೇಲೆ ಒಟ್ಟುತ್ತ ಹೋದ. ಎರಡನೇ ಖೇಪು ಸುರುವಿದ ಮೇಲೆ ಅವಳು ಕೊಳದ ನೀರನ್ನು ಒಮ್ಮೆಲೇ ಬಿಡಲಿಲ್ಲ. ಜ್ವರದಿಂದ ಎದ್ದ ಕೂಸಿಗೆ ಗಂಜಿ ಕುಡಿಸಿದ ಹಾಗೆ, ಚೂರು ಬಿಟ್ಟು, ನೋಡಿ, ಮತ್ತೆ ಚೂರು.

ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ದೌಲಪ್ಪ ಗೇಟಿಗೇ ಬಂದು ನಿಂತಿದ್ದ.

"ವಾಸನಿ ಬಂತವ್ವಾ. ಹಸಿ ಮಣ್ಣಿಂದು."

ತೊಟ್ಟಿಯಲ್ಲಿ ಕಂದು ನೊರೆ ಕಟ್ಟಿತ್ತು. ತಿಳಿನೀರು ಬರತೊಡಗಿ, ಹಳ್ಳ ಒಂದಿಷ್ಟು ಹರಿದು ತೊಳೆದುಕೊಂಡ ಮೇಲೆಯೇ ಪಂಚಶೀಲಾ ಮಸ್ತಾನಬಿಯನ್ನು ಕರೆದಳು. ಹಿರಿಯ ಎಮ್ಮೆ ಮುಂದೆ ಬಂತು, ಮೂಸಿತು, ಕತ್ತೆತ್ತಿ ಪಂಚಶೀಲಾಳನ್ನೇ ನೋಡಿತು. ಆಮೇಲೆ ಮೊಣಕಾಲುಮಟ ಇಳಿದು ಮೂತಿ ಅದ್ದಿತು. ಉಳಿದವು ನೂಕಾಡುತ್ತ ಹಿಂದೆ ಇಳಿದವು.

ಮಸ್ತಾನಬಿ ಹಗ್ಗ ಸುತ್ತುತ್ತ ದೌಲಪ್ಪನ ಕಡೆ ತಿರುಗಿದಳು. "ಇನ್ನ ಮ್ಯಾಲೆ ಪೌಡರು ಹಾಕೂದಿದ್ರ, ನಮ್ಮ ಎಮ್ಮಿಗಿ ಕೇಳಿ ಹಾಕಪಾ."