ಕೋಸಂಬರಿಗೆ ಯಾವ ನೀರು?

2024ರ ಬೇಸಿಗೆ. ನೀರು ಪರೀಕ್ಷಿಸುವ ಲ್ಯಾಬ್‌ನಿಂದ ನಿವೃತ್ತಳಾದ ಮೇಲೆ ನಾನು ಪ್ಲಾಸ್ಟಿಕ್ ಬಾಟಲಿಯಿಲ್ಲದೆ ಮದುವೆಯೂಟ ನಡೆಸುವ ವ್ಯವಸ್ಥೆ ಮಾಡಿಕೊಡುತ್ತಿದ್ದೆ. ಬಾಳೆಎಲೆ, ಸ್ಟೀಲ್ ಲೋಟ, ನಲ್ಲಿಯಿರುವ ಡ್ರಮ್ಮು, ಇಷ್ಟೇ ಸರಂಜಾಮು. ಬನಶಂಕರಿಯ ಒಂದು ಛತ್ರಕ್ಕೆ ನನ್ನನ್ನು ಕರೆಸಿದವಳು ಮದುಮಗಳು ಮೇಘನಾ. ಅವಳ ತಂದೆ ನಾಗರಾಜಯ್ಯನವರಿಗೆ ಇದು ಬರೀ ಮಗಳ ಹಟವಾಗಿತ್ತು.

ಯಾವ ಛತ್ರವಾದರೂ ಮೊದಲು ಅಲ್ಲಿನ ನೀರನ್ನು ಎಚ್‌ಟುಎಸ್ ಎಂಬ ಪರೀಕ್ಷೆಯ ಸೀಸೆಗೆ ತುಂಬಿಡುತ್ತೇನೆ. ಕೊಳಚೆ ಬೆರೆತಿದ್ದರೆ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. ಈ ಸೀಸೆ ಕಪ್ಪಾದದ್ದು ಮದುವೆಯ ಹಿಂದಿನ ದಿನ ಬೆಳಿಗ್ಗೆ.

ಛತ್ರದ ಮ್ಯಾನೇಜರ್ ನಕ್ಕರು. "ಇಷ್ಟ್ ವರ್ಷದಿಂದ ಯಾರಿಗೂ ಏನೂ ಆಗಿಲ್ಲ ಮೇಡಂ."

ಸಂಪ್ ಹತ್ತಿರ ಹೋಗಿ ನೋಡಿದೆವು. ಪಕ್ಕದ ಚರಂಡಿ ಕಟ್ಟಿಕೊಂಡು, ಸಂಪಿನ ಬಿರುಕುಬಿಟ್ಟ ಗೋಡೆಯಿಂದ ಕೊಳಚೆ ಒಳಕ್ಕೆ ಜಿನುಗುತ್ತಿತ್ತು.

"ಬಾಟ್ಲಿ ನೀರೇ ತರಿಸ್ಬಿಡಿ," ಎಂದರು ನಾಗರಾಜಯ್ಯ. "ನನ್ ಮರ್ಯಾದೆ ಪ್ರಶ್ನೆ."

"ಕುಡಿಯೋಕೆ ಬಾಟ್ಲಿ ಆಯ್ತು ಸಾರ್. ಕೋಸಂಬರಿ ಬೇಳೆ ನೆನೆಸೋಕೆ, ಮಜ್ಜಿಗೆಗೆ, ಎಲೆ ತೊಳೆಯೋಕೆ ಯಾವ ನೀರು?" ಎಂದೆ.

ಆಗ ಮೇಘನಾ ಮೆಲ್ಲಗೆ, "ಅಪ್ಪಾ, ಹುಡುಗನ ಅಕ್ಕ ಪ್ರೆಗ್ನೆಂಟು," ಎಂದಳು. ಕೊಳಚೆ ನೀರಿನಿಂದ ಬರುವ ಒಂದು ಬಗೆಯ ಕಾಮಾಲೆ ಬಸುರಿಯರ ಜೀವಕ್ಕೇ ಅಪಾಯ ಎಂದು ನಾನು ವಿವರಿಸಿದೆ. ನಾಗರಾಜಯ್ಯ ಎದ್ದು ಹೋಗಿ ಪಂಪ್‌ ರೂಮಿಗೆ ತಾವೇ ಬೀಗ ಹಾಕಿ ಬಂದರು. "ಮದ್ವೆ ಮುಗಿಯೋವರ್ಗೂ ಈ ಮೋಟ್ರು ಆನ್ ಆಗಲ್ಲ. ಮುಂದೇನ್ ಮಾಡ್ಬೇಕು ಹೇಳಿ."

ಬೆಂಗಳೂರಿಗೇ ನೀರಿನ ಬರ ಬಂದಿದ್ದ ಆ ಬೇಸಿಗೆಯಲ್ಲಿ ಟ್ಯಾಂಕರ್ ಸಿಕ್ಕಿದ್ದೇ ಪುಣ್ಯ. ಮಧ್ಯಾಹ್ನ ಬಂದ ನೀರನ್ನು ನಮ್ಮ ಡ್ರಮ್‌ಗಳಿಗೆ ತುಂಬಿಸಿ, ತೊಳೆಯುವುದಕ್ಕೆ ಕ್ಲೋರಿನ್ ಬೆರೆಸಿದೆ. ಕುಡಿಯುವುದಕ್ಕೂ ಹಸಿಯಾಗಿ ಬಡಿಸುವ ಪದಾರ್ಥಕ್ಕೂ ಕುದಿಸಿ ಆರಿಸಿದ ನೀರೇ ಬೇಕಿತ್ತು. ಅಡುಗೆಯ ಸುಬ್ಬಣ್ಣ ರೇಗಿದರು. "ಒಲೆಯೆಲ್ಲಾ ನೀರಿಗ್ ಕೊಟ್ರೆ ಚಿರೋಟಿ ಎಲ್ಲಿ ಕರೀಲಿ?"

ಚಿರೋಟಿ ಬಿಟ್ಟರೆ ಬೀಗರಿಗೆ ಏನು ಹೇಳುವುದು? ಮೇಘನಾ ಫೋನ್ ತೆಗೆದು ಸ್ಪೀಕರ್ ಹಾಕಿ, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಅತ್ತೆಯಾಗುವವರಿಗೆ ಹೇಳಿದಳು. ಆ ಕಡೆಯಿಂದ ದನಿ ಬಂತು: "ಚಿರೋಟಿ ಇಲ್ದಿದ್ರೆ ಮದ್ವೆ ನಿಲ್ಲುತ್ತೇನಮ್ಮಾ? ನೀರು ಕಾಯ್ಸಿ."

ನಾಗರಾಜಯ್ಯ ಟವೆಲಿನಿಂದ ಮುಖ ಒರೆಸಿಕೊಂಡರು. ಸುಬ್ಬಣ್ಣ ಬಾಣಲೆ ಇಳಿಸಿ ಕೊಪ್ಪರಿಗೆ ಏರಿಸಿದರು.

ಬೆಳಗಿನವರೆಗೂ ಕಾಯಿಸುತ್ತಲೇ ಇದ್ದುದರಿಂದ ಮರುದಿನದ ಊಟಕ್ಕೆ ನೀರು ಪೂರ್ತಿ ಆರಿರಲಿಲ್ಲ. "ಈ ಸೆಕೇಲಿ ಬೆಚ್ಚಗಿನ ನೀರಾ?" ಎಂದು ಕೆಲವರು ಗೊಣಗಿದರು. ಹುಡುಗನ ಅಕ್ಕ ಮಾತ್ರ, ಕುದಿಸುವಾಗ ಹಾಕಿದ್ದ ಜೀರಿಗೆಯ ಘಮ ಚೆನ್ನಾಗಿದೆಯೆಂದು ಇನ್ನೊಂದು ಲೋಟ ಕೇಳಿ ಕುಡಿದಳು.

ಕಾಮಾಲೆ ಕಾಣಿಸಿಕೊಳ್ಳಲು ವಾರಗಳೇ ಬೇಕು. ಅಷ್ಟೂ ದಿನ ಫೋನ್ ರಿಂಗಾದರೆ ಮೇಘನಾಳ ಮನೆಯವರದೇನೋ ಎಂದು ಮೊದಲು ಹೆಸರು ನೋಡುತ್ತಿದ್ದೆ. ಯಾರಿಗೂ ಏನೂ ಆಗಲಿಲ್ಲ. ಅದು ಕಾಯಿಸಿದ ನೀರಿನ ಫಲವೋ, ಅದೃಷ್ಟವೋ, ಇಂದಿಗೂ ಹೇಳಲಾರೆ; ಈ ಕೆಲಸದಲ್ಲಿ ಗೆಲುವಿಗೆ ಸಾಕ್ಷಿ ಸಿಗುವುದಿಲ್ಲ. ಒಂದಂತೂ ಕಲಿತೆ. ಜನರ ಕೈಯಿಂದ ಬಾಟಲಿ ಬಿಡಿಸುವುದು ಸುಲಭ. ಆಮೇಲೆ ಅವರು ನಂಬಿ ಎತ್ತುವ ಲೋಟಕ್ಕೆ ಹೊಣೆಯಾಗುವುದೇ ನಿಜವಾದ ಕೆಲಸ.