ಹಿತ್ತಲ ಬಾಗಿಲ ಮೂಗು

ನಮ್ಮ ತಿಕೋಟಾದಲ್ಲಿ ಮನೆಗೆ ಬೀಗರು ಬರುತ್ತಾರೆಂದರೆ ಮೊದಲು ಸತ್ಯವ್ವನಿಗೆ ಹೇಳಿ ಕಳಿಸುತ್ತಿದ್ದರು, ಅವಳು ಬರುತ್ತೇನೆ ಅಂದ ಮೇಲೆಯೇ ಬೀಗರಿಗೆ ಬರ್ರಿ ಅನ್ನುತ್ತಿದ್ದರು. ಇದನ್ನು ನಾನು ಹಾಸ್ಟೆಲಿನಲ್ಲಿ ಹೇಳಿದರೆ ಗೆಳತಿಯರು ನಗುತ್ತಾರೆ, ಆದರೆ ಖರೇನೇ ಹಾಗೆ. ನಾನು ಹುಟ್ಟಿದಾಗಿನಿಂದ ಅವಳು ನಮ್ಮ ಪಕ್ಕದ ಮನೆ. ಎತ್ತರದ ಹೆಂಗಸು, ಹಣೆಯ ತುಂಬ ಕುಂಕುಮ, ಬಲಗೈಯಲ್ಲಿ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದ, ಅಡುಗೆ ತಿರುವುವ ಕಟ್ಟಿಗೆಯ ಹುಟ್ಟು. ಆ ಹುಟ್ಟು ಹಿಡಿದು ಅವಳು ಓಣಿಯಲ್ಲಿ ಹೊರಟಳೆಂದರೆ ಯಾರ ಮನೆಗೆ ಯಾರು ಬರುತ್ತಾರೆ ಎಂದು ಊರಿಗೆಲ್ಲ ತಿಳಿಯುತ್ತಿತ್ತು!

ಯಾರಿಗೆ ಏನು ಉಣಿಸಬೇಕು ಎಂಬುದು ಅವಳ ತಲೆಯಲ್ಲಿ ಅಚ್ಚು ಹೊಡೆದಂತೆ ಕೂತಿತ್ತು. ಮೊದಲ ಸಲ ಬರುವ ಬೀಗರಿಗೆ ಕಡಲೆಬೇಳೆ ಹೂರಣದ ಹೋಳಿಗೆ, ಬೇಳೆ ಬಸಿದ ಕಟ್ಟಿನ ಸಾರು, ಎಣ್ಣೆಗಾಯಿ, ತೆಳ್ಳನೆಯ ಜೋಳದ ರೊಟ್ಟಿ. ಎರಡನೇ ಸಲ ಬಂದರೆ ಶೇಂಗಾ ಹೋಳಿಗೆ, ಯಾಕೆಂದರೆ ಅಷ್ಟರಲ್ಲಿ ಸಲುಗೆ ಬಂದಿರುತ್ತದೆ, ಬೆಲ್ಲ ಹಲ್ಲಿಗೆ ಮೆತ್ತಿದರೂ ನಗುತ್ತಾರೆ. ಸರಕಾರಿ ಮಂದಿ ಬಂದರೆ ಗೋಧಿ ಹುಗ್ಗಿ, ಮೇಲೆ ಅನ್ನ. ಹೇಳದೆ ಕೇಳದೆ ಬಸ್ಸಿಳಿದು ಬಂದವರಿಗೆ ಕಡಲೆಹಿಟ್ಟಿನ ಜುಣಕ, ರೊಟ್ಟಿ, ಗಟ್ಟಿ ಮೊಸರು, ಅರ್ಧ ತಾಸಿನಲ್ಲಿ ಗೋಧಿ ನುಚ್ಚಿನ ಸಜ್ಜಕ. ಜಗಳ ಮಾಡಲು ಬಂದವರಿಗೆ ಸಹ ಒಂದು ಅಡುಗೆಯಿತ್ತು. ಅವರಿಗೆ ಗೋಧಿ ಬೆಲ್ಲದ ಪುಡಿ ಮಾದಲಿ ಮತ್ತು ಬಿಸಿ ಹಾಲು ಬಡಿಸಬೇಕಂತೆ, ಒಣ ಮಾದಲಿ ಬಾಯಿಯಲ್ಲಿರುವಾಗ ಯಾರೂ ಒದರಲಾರರು ಎಂದು ಅವಳ ಲೆಕ್ಕ.

ಇಷ್ಟೆಲ್ಲವನ್ನೂ ಅವಳು ರುಚಿ ನೋಡದೆ ಮಾಡುತ್ತಿದ್ದಳು. ದೇವರಿಗೆ ಎಡೆ ಹಿಡಿಯುವ ಮುನ್ನ ಅಡುಗೆಯನ್ನು ನಾಲಿಗೆಗೆ ಹಚ್ಚುವಂತಿಲ್ಲ. ಉಪ್ಪು ಮುಷ್ಟಿಯ ಅಳತೆ, ಉಳಿದದ್ದೆಲ್ಲ ಮೂಗು. ಒಗ್ಗರಣೆಯ ಸಾಸಿವೆ ಹದಕ್ಕೆ ಬಂತೋ, ಬೆಲ್ಲ ಪಾಕಕ್ಕೆ ತಿರುಗಿತೋ, ಬದನೆಕಾಯಿ ಬೆಂತೋ, ಒಲೆಯಿಂದ ನಾಲ್ಕು ಮೊಳ ದೂರ ನಿಂತು ಮೂಗು ಎತ್ತಿ ಹೇಳುತ್ತಿದ್ದಳು. ಅವಳು ಅಡುಗೆ ಮಾಡುವಾಗ ಮನೆಯವರು ಒಳಗೆ ಕಾಲಿಡಬಾರದು, ಕಟ್ಟಿಗೆ ಕೊಡಲು ಒಬ್ಬರಿದ್ದರೆ ಸಾಕು. ನಾನು ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಷ್ಟು ಶೀಶೆ ಇಟ್ಟುಕೊಂಡು ಕಂಡುಹಿಡಿಯಲಾರದ್ದನ್ನು ಸತ್ಯವ್ವ ಒಂದೇ ಉಸಿರಿನಲ್ಲಿ ಹಿಡಿಯುತ್ತಿದ್ದಳು ಎಂದು ನೆನೆದರೆ ಈಗಲೂ ನನಗೆ ಮೈ ಝುಂ ಅನ್ನುತ್ತದೆ.

ಎಪ್ಪತ್ತೈದರ ಚಳಿಗಾಲದಲ್ಲಿ ಅವಳಿಗೆ ಹದಿನೈದು ದಿನ ಜ್ವರ ಬಂತು. ಜ್ವರ ಬಿಟ್ಟಿತು, ನೆಗಡಿ ಹೋಯಿತು, ಮೂಗು ಮಾತ್ರ ತಿರುಗಿ ಬರಲಿಲ್ಲ.

ಅದು ಮೊದಲು ಗೊತ್ತಾದದ್ದು ನನ್ನ ತಾಯಿ ಸುಗರಾಬಿಗೆ. ಒಂದು ಮುಂಜಾನೆ ಸತ್ಯವ್ವ ತನ್ನ ಮನೆಯ ಕಟ್ಟೆಯ ಮೇಲೆ ಅಮ್ಮನ ಜೊತೆ ಜೋಳ ಹಸನು ಮಾಡುತ್ತ ಕೂತಿದ್ದಾಳೆ, ಒಳಗೆ ಹಾಲು ಉಕ್ಕಿ, ಹೊತ್ತಿ, ಪಾತ್ರೆ ಕರಿಯಾಗಿ, ಓಣಿಯ ಆ ತುದಿಯವರು ಸಹ ಮೂಗು ಮುಚ್ಚಿಕೊಂಡಿದ್ದಾರೆ. ಸತ್ಯವ್ವ ಮಾತ್ರ ಕಾಳು ಆರಿಸುತ್ತಲೇ ಇದ್ದಾಳೆ. ಅಮ್ಮ ಅವಳ ಮುಖ ನೋಡಿದಳಂತೆ, ಸತ್ಯವ್ವ ಅಮ್ಮನ ಮುಖ ನೋಡಿದಳಂತೆ. ಆಮೇಲೆ ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ವಿಜಾಪುರದಲ್ಲಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಬರಬಹುದು, ಬರದೆಯೂ ಇರಬಹುದು ಎಂದು ಅವರು ಹೇಳಿ ಗುಳಿಗೆ ಕೊಟ್ಟರು. ಬರುವಾಗ ಸಿದ್ಧೇಶ್ವರ ಗುಡಿಯ ಮುಂದೆ ಮಲ್ಲಿಗೆ ಮಾರುವವಳ ಬುಟ್ಟಿಯ ಹತ್ತಿರ ಸತ್ಯವ್ವ ಬಗ್ಗಿ ನಿಂತಳು, ಬಹಳ ಹೊತ್ತು ನಿಂತಳು. ಹೂವು ಕೊಳ್ಳದೆ ಎದ್ದಳು.

ತನ್ನ ಗಂಡ ಗೊಲ್ಲಾಳಪ್ಪನಿಗೂ ಹೇಳಬೇಡ ಎಂದು ಅಮ್ಮನಿಂದ ಆಣೆ ಹಾಕಿಸಿಕೊಂಡಿದ್ದಳು. ಅವಳಿಗೆ ಮಕ್ಕಳಿಲ್ಲ. ವೀಳ್ಯದೆಲೆ ಅಡಿಕೆ ಹಿಡಿದು ಮನೆ ಬಾಗಿಲಿಗೆ ಬಂದು ಅಡಗೀಗೆ ಬಾರವ್ವ ಎಂದು ಜನ ಕರೆಯುವುದೇ ಅವಳಿಗೆ ಊರಿನಲ್ಲಿದ್ದ ಸ್ಥಾನ. ಮೂಗಿಲ್ಲದವಳು ಎಂದು ತಿಳಿದರೆ ಆ ಎಲೆ ಅಡಿಕೆ ನಿಲ್ಲುತ್ತದೆ, ಅಷ್ಟು ಅವಳಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆಗ ಅಮ್ಮ ಒಂದು ಉಪಾಯ ಮಾಡಿದಳು, ಅದನ್ನು ಬರೆಯುವಾಗ ನನಗೆ ಹೆಮ್ಮೆ ತಡೆಯಲಾಗುತ್ತಿಲ್ಲ. ಸತ್ಯವ್ವ ಅಡುಗೆಗೆ ಹೋದ ಮನೆಗೆಲ್ಲ ಅಮ್ಮನೂ ಹೋಗತೊಡಗಿದಳು. ಆ ಮನೆಗಳ ಅಡುಗೆಮನೆಯೊಳಗೆ ನಾವು ಮುಸಲ್ಮಾನರು ಹೋಗುವುದಿಲ್ಲ, ಅದು ಯಾರೂ ಹೇಳಬೇಕಾದ ಮಾತಲ್ಲ. ಆದರೆ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯಲು, ಬಳ್ಳೊಳ್ಳಿ ಬಿಡಿಸಲು ಯಾರ ಅಡ್ಡಿಯೂ ಇಲ್ಲ. ಒಳಗಿನ ವಾಸನೆ ಮೊದಲು ಬರುವುದೇ ಅಲ್ಲಿಗೆ. ಅಮ್ಮ ಒಂದು ಸಲ ಕೆಮ್ಮಿದರೆ ಉರಿ ಕಡಿಮೆ ಮಾಡಬೇಕು, ಕುಡಿಯಲು ನೀರು ಕೇಳಿದರೆ ಇಳಿಸಿಬಿಡಬೇಕು. ಹೀಗೆ ಆರು ಮನೆಯ ಊಟಗಳು ಸುಸೂತ್ರವಾಗಿ ನಡೆದವು. ಸುಗರಾಬಿಗೆ ಯಾಕೋ ಕ್ಷಯ ಹತ್ತಿದಂತಿದೆ ಎಂದು ಒಬ್ಬಿಬ್ಬರು ಮರುಗಿದರು, ಅಷ್ಟೇ.

ಮರುವರ್ಷ ಯುಗಾದಿಗೆ ಮುಂಚೆ ಬಬಲೇಶ್ವರದ ಭಾಗಪ್ಪನ ಮನೆಯಿಂದ ಕರೆ ಬಂತು. ಅವನ ಮಗಳು ಪರಸವ್ವನಿಗೆ ವಿಜಾಪುರದ ಗುಡಿ ಓಣಿಯಲ್ಲಿ ಗಂಡು ಗೊತ್ತಾಗಿತ್ತು, ಬೀಗರು ಹದಿನೆಂಟು ಮಂದಿ ಮೊದಲ ಸಲ ಊಟಕ್ಕೆ ಬರುವವರಿದ್ದರು. ಸಂಜೆ ಉಂಡು ಕಡೆಯ ಬಸ್ಸಿಗೆ ತಿರುಗಿ ಹೋಗಬೇಕು. ಕಾಲೇಜಿಗೆ ಸೂಟಿ ಇದ್ದದ್ದರಿಂದ ನಾನೂ ಅಮ್ಮನ ಹಿಂದೆ ಬಸ್ಸು ಹತ್ತಿದೆ.

ಸತ್ಯವ್ವ ಒಳಗೆ ಹೋಗಿ ಒಲೆಗೆ ನಮಸ್ಕಾರ ಮಾಡಿ ಬೇಳೆ ಇಟ್ಟಳು. ಅಮ್ಮ ಸುತ್ತು ಹಾಕಿ ಹಿತ್ತಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಐದು ನಿಮಿಷವಾಗಿಲ್ಲ, ಭಾಗಪ್ಪನ ಹೆಂಡತಿ ರೇಣವ್ವ ಓಡಿ ಬಂದಳು. ಬಹಳ ಒಳ್ಳೆಯ ಹೆಂಗಸು, ಆ ಒಳ್ಳೆಯತನವೇ ಅವತ್ತು ಮುಳುವಾಯಿತು. ತಿಕೋಟಾದಿಂದ ಬಂದವಳನ್ನು ಬೂದಿ ಗುಂಡಿಯ ಪಕ್ಕ ಕೂಡಿಸಿದರೆ ಬೀಗರು ನೋಡಿ ಏನಂದಾರು ಎಂದು ಅಮ್ಮನ ಕೈ ಹಿಡಿದು ಎಬ್ಬಿಸಿದಳು. ಅಮ್ಮ ಇಲ್ಲೇ ಗಾಳಿ ಚಲೋ ಇದೆ ಅಂದಳು, ಬಳ್ಳೊಳ್ಳಿ ಬಿಡಿಸಬೇಕು ಅಂದಳು. ರೇಣವ್ವ ಕೇಳಲಿಲ್ಲ. ಮುಂದಿನ ಕಟ್ಟೆಯ ಮೇಲೆ ಹೊಸ ಜಮಖಾನೆ ಹಾಸಿ, ಚಹಾ ಕೊಟ್ಟು, ಸುತ್ತ ನಾಲ್ಕು ಹೆಂಗಸರನ್ನು ಕೂಡಿಸಿದಳು. ಅಮ್ಮ ಎರಡು ಸಲ ಎದ್ದಳು, ಎರಡು ಸಲವೂ ಹೆಗಲು ಹಿಡಿದು ಕೂಡಿಸಿದರು. ಇನ್ನೂ ಹಟ ಮಾಡಿದರೆ ಯಾಕೆ ಎಂದು ಕೇಳುತ್ತಾರಲ್ಲ.

ಒಳಗೆ ಬೇಳೆ ಬೆಂದು, ಕಟ್ಟು ಬಸಿದು, ಬೆಲ್ಲ ಬಿದ್ದಿತ್ತು. ಸತ್ಯವ್ವ ಒಂದು ಕೈಯಲ್ಲಿ ಹೂರಣ ತಿರುವುತ್ತ ಇನ್ನೊಂದು ಒಲೆಯ ಎಣ್ಣೆಗಾಯಿ ನೋಡುತ್ತಿದ್ದಳು, ಕಿವಿಯೆಲ್ಲ ಹಿತ್ತಲ ಕಡೆ. ಕೆಮ್ಮು ಬರಲಿಲ್ಲ, ಅಂದರೆ ಎಲ್ಲ ನೆಟ್ಟಗಿದೆ.

ಅಮ್ಮನ ಮೂಗಿಗೆ ಹೊತ್ತಿದ ವಾಸನೆ ಬಡಿದಾಗ ಬಹಳ ತಡವಾಗಿತ್ತು. ಅವಳು ಕೆಮ್ಮಿದಳು. ಜೋರಾಗಿ ಕೆಮ್ಮಿದಳು. ಹೆಂಗಸರು ನೀರು ತಂದರು, ಬೆಲ್ಲದ ಚೂರು ತಂದರು, ಒಬ್ಬಳು ಬೆನ್ನು ನೀವಿದಳು. ನನಗೆ ನಗುವೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಕಡೆಗೆ ಅಮ್ಮ ಎಲ್ಲರನ್ನೂ ಸರಿಸಿ ಸೆರಗು ಎತ್ತಿಕೊಂಡು ಹಿತ್ತಲಿಗೆ ಓಡಿದಳು, ರೇಣವ್ವ ಗಾಬರಿಯಾಗಿ ಹಿಂದೆ ಓಡಿದಳು, ನಾನೂ ಓಡಿದೆ.

ಸತ್ಯವ್ವ ಹುಟ್ಟು ತಿರುವುತ್ತಲೇ ಇದ್ದಳು. ತಳ ಹತ್ತಿದ್ದು ಹೂರಣದ ತುಂಬ ಕಲೆತು ಹೋಗಿತ್ತು. ಒಲೆಯ ಮುಂದೆ ಕಟ್ಟಿಗೆ ಕೊಡುತ್ತ ಕೂತಿದ್ದವಳು ಪರಸವ್ವ, ಮದುವೆಯ ಹುಡುಗಿ. ಅವಳಿಗೆ ವಾಸನೆ ಬಂದಿತ್ತಂತೆ. ಮುಂದಿದ್ದವರಿಗೂ ಸ್ವಲ್ಪ ಬಂದಿತ್ತಂತೆ. ಸತ್ಯವ್ವನ ಅಡುಗೆ ಅಂದ ಮೇಲೆ ಹೀಗೆಯೇ ಇರಬೇಕು ಎಂದು ಎಲ್ಲರೂ ಸುಮ್ಮನಿದ್ದರಂತೆ.

ಅಮ್ಮ ಹೊಸ್ತಿಲ ಹೊರಗೆ ನಿಂತು ಮೆಲ್ಲಗೆ ಹೇಳಿದಳು. "ಸತ್ಯಾ, ಇಳಸು. ಹತ್ತೇತಿ."

ಸತ್ಯವ್ವ ಪಾತ್ರೆ ಇಳಿಸಿದಳು.

ರೇಣವ್ವ ಪಾತ್ರೆ ನೋಡಿದಳು, ಬೀಗರ ಬಸ್ಸು ಬರುವ ಹೊತ್ತು ನೆನೆದಳು, ಅವಳ ಸಿಟ್ಟೆಲ್ಲ ಮಗಳ ಮೇಲೆ ತಿರುಗಿತು. ಸತ್ಯವ್ವನ ತಪ್ಪು ಎಂಬುದು ಅವಳ ತಲೆಗೇ ಬರಲಿಲ್ಲ.

"ಉರಿ ಎಷ್ಟ ಹಾಕಬೇಕಂತ ತಿಳಿಯೂದುಲ್ಲೇನ ನಿನಗ? ನಾಳೆ ಆ ಮನ್ಯಾಗ ಹೋಗಿ ಇದ ಮಾಡಾಕಿ ಏನ? ಬೀಗರಿಗೆ ಏನ ಹೇಳ್ಲಿ ನಾ, ನಮ್ಮ ಹುಡುಗಿ ಹೂರಣ ಸುಟ್ಟಾಳ ಅಂತ ಹೇಳ್ಲೆ?"

ಪರಸವ್ವ ಕೈಯಲ್ಲಿದ್ದ ಕಟ್ಟಿಗೆ ಕೆಳಗಿಟ್ಟಳು, ಕಣ್ಣೀರು ಬೂದಿಯಲ್ಲಿ ಬಿತ್ತು. ಆ ಕಡೆಯಿಂದ ಇನ್ನಿಬ್ಬರು ಹೆಂಗಸರು ಇಣುಕಿದರು. ಅಮ್ಮ ಏನಾದರೂ ಸುಳ್ಳು ಹೇಳಲು ಬಾಯಿ ತೆರೆದಳು, ತಾನೇ ಮಾತಾಡಿಸಿ ಮರೆಸಿದೆ ಎಂದೋ ಏನೋ. ಸತ್ಯವ್ವ ಕೈ ಎತ್ತಿ ಅವಳನ್ನು ತಡೆದಳು.

"ಹುಡುಗೀಗ ಅನಬ್ಯಾಡ ರೇಣವ್ವ. ಉರಿ ಬರೋಬ್ಬರಿ ಇತ್ತು. ನನ್ನ ಮೂಗ ಹೋಗೇತಿ. ಹೋಗಿ ನಾಕ ತಿಂಗಳಾತು, ಯಾರಿಗೂ ಹೇಳಿಲ್ಲ. ಹೊರಗ ಕುಂತ ಸುಗರಾಬಿ ಮೂಗಿಂದ ನಾ ಅಡಗಿ ಮಾಡಾಕತ್ತಿದ್ದೆ, ನೀ ಆಕೀನ್ನ ಎಬಿಸಿಕೊಂಡು ಹೋದಿ."

ಒಲೆಯ ಮೇಲೆ ಎಣ್ಣೆಗಾಯಿ ಸಣ್ಣಗೆ ಕುದಿಯುತ್ತಿತ್ತು.

ಸತ್ಯವ್ವ ಅಳುತ್ತ ಕೂಡಲಿಲ್ಲ, ಅದೇ ನನಗೆ ಇವತ್ತಿಗೂ ದೊಡ್ಡದು ಅನ್ನಿಸುತ್ತದೆ. ನುಚ್ಚು ಇದೆಯೇ ಎಂದು ಕೇಳಿದಳು, ಅಮ್ಮನನ್ನು ಮೆಟ್ಟಿಲ ಮೇಲೆ ಕೂಡಿಸಿದಳು, ಅರ್ಧ ತಾಸಿನಲ್ಲಿ ಸಜ್ಜಕ ಆಯಿತು. ಕಟ್ಟು ಮೊದಲೇ ಬಸಿದಿದ್ದರಿಂದ ಸಾರಿಗೆ ಏನೂ ಆಗಿರಲಿಲ್ಲ. ಬೀಗರು ಬಂದರು, ಕೈಕಾಲು ತೊಳೆದರು, ಕೂತರು. ಹುಡುಗನ ಅಜ್ಜ ಶಿವಯೋಗೆಪ್ಪ, ದಪ್ಪ ಮೀಸೆಯ ಮುದುಕ, ಹೋಳಿಗೆ ಎಲ್ಲಿ ಎಂದು ಕೇಳಿಯಾನೆಂದು ಭಾಗಪ್ಪ ಬೆವರುತ್ತಿದ್ದ. ಮುದುಕ ಸಜ್ಜಕವನ್ನು ಎರಡು ಸಲ ಹಾಕಿಸಿಕೊಂಡು, ತುಪ್ಪ ಇನ್ನೊಂದಿಷ್ಟು ಬಿಡಿಸಿಕೊಂಡು, ಏನೂ ಕೇಳದೆ ಎದ್ದ.

ಊಟ ಗೆದ್ದಿತು, ಸತ್ಯವ್ವ ಸೋತಳು. ಇಣುಕಿದ ಹೆಂಗಸರ ಬಾಯಿಯಿಂದ ಮಾತು ನಮ್ಮ ಬಸ್ಸಿಗಿಂತ ಮೊದಲು ತಿಕೋಟಾ ಮುಟ್ಟಿತ್ತು. ಅಂದಿನಿಂದ ವೀಳ್ಯ ಹಿಡಿದು ಯಾರೂ ಬರಲಿಲ್ಲ. ಯುಗಾದಿ ಹೋಯಿತು, ಬಸವ ಜಯಂತಿ ಹೋಯಿತು, ಮದುವೆಯ ದಿನಗಳೂ ಮುಗಿದವು. ಓಣಿಯಲ್ಲಿ ಬೀಗರು ಬಂದ ಮನೆಯವರು ಅವಳ ಬಾಗಿಲ ಮುಂದೆ ಹಾಯುವಾಗ ನೆಲ ನೋಡುತ್ತ ಬೇಗ ಬೇಗ ನಡೆಯುತ್ತಿದ್ದರು. ಹುಟ್ಟು ಗೂಟಕ್ಕೆ ತೂಗುತ್ತಿತ್ತು. ಪ್ರತಿ ಸೋಮವಾರ ಅವಳು ಅದನ್ನು ಇಳಿಸಿ ಎಣ್ಣೆ ಸವರಿ ಮತ್ತೆ ತೂಗುಹಾಕುತ್ತಿದ್ದಳು. ಮನೆಯಲ್ಲಿ ಎರಡೇ ಪದಾರ್ಥ ಮಾಡುತ್ತಿದ್ದಳು, ಅದಕ್ಕೂ ಹೆದರುತ್ತಿದ್ದಳು.

ಗೊಲ್ಲಾಳಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಆಗ ತಿಳಿಯಿತು. ಒಂದು ದಿನ ನಾವೆಲ್ಲ ಕಟ್ಟೆಯ ಮೇಲಿದ್ದಾಗ ಅವಳು ಅವನನ್ನು ಬೈದಳು, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು. ಅವನು ತಂಬಾಕು ತಿಕ್ಕುತ್ತ ತಲೆ ಎತ್ತದೆ ಅಂದ. "ಹೊತ್ತಿದ್ದ ಉಂಡು ಉಂಡು ನನಗ ಅದ ರುಚಿ ಆಗೇತಿ. ಈಗ ನೆಟ್ಟಗ ಮಾಡೀದಿ ಅಂದ್ರ ಜಗಳ ತಗೀತೇನಿ ನೋಡ." ಅಮ್ಮ ನಕ್ಕಳು. ಸತ್ಯವ್ವ ನಗಲಿಲ್ಲ, ಎದ್ದು ಒಳಗೆ ಹೋದಳು.

ಕಾರ ಹುಣ್ಣಿಮೆಯ ಹಿಂದೆ ಮುಂದೆ ಒಂದು ಮಧ್ಯಾಹ್ನ ರೇಣವ್ವ ತಾನೇ ಬಸ್ಸಿಳಿದು ಬಂದಳು. ಪರಸವ್ವನ ಮದುವೆಯಾಗಿ ಹೋಗಿತ್ತು, ಅಡುಗೆಗೆ ಬೇರೆ ಊರಿನವರನ್ನು ಕರೆಸಿದ್ದರು. ಈಗ ಬೀಗರು ಎರಡನೇ ಸಲ ಊಟಕ್ಕೆ ಬರುವವರಿದ್ದರು. ಸಜ್ಜಕ ಮಾಡಿದಾಕೆಯೇ ಅಡುಗೆ ಮಾಡಬೇಕೆಂದು ಶಿವಯೋಗೆಪ್ಪ ಹೇಳಿ ಕಳಿಸಿದ್ದನಂತೆ, ಹೂರಣ ಸುಟ್ಟ ಸುದ್ದಿಯನ್ನು ಪರಸವ್ವನೇ ಅತ್ತೆಯ ಮನೆಯಲ್ಲಿ ಪೂರಾ ಹೇಳಿದ್ದಳಂತೆ. ರೇಣವ್ವ ಎಲೆ ಅಡಿಕೆಯ ಎರಡು ಜೊತೆ ತಂದಿದ್ದಳು. ಒಂದನ್ನು ಸತ್ಯವ್ವನ ಮುಂದೆ ಇಟ್ಟಳು, ಇನ್ನೊಂದನ್ನು ಅಮ್ಮನ ಮುಂದೆ.

ಸತ್ಯವ್ವ ಬಹಳ ಹೊತ್ತು ಮುಟ್ಟಲಿಲ್ಲ. ಬ್ಯಾಡ ರೇಣವ್ವ, ಮತ್ತ ಹತ್ತಿದ್ರ ನನ್ನ ಕೈಲಿ ತಡಕೊಳ್ಳಾಕ ಆಗೂದುಲ್ಲ ಅಂದಳು. ಕಡೆಗೆ ಅಮ್ಮ ತನ್ನ ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಂಡುಬಿಟ್ಟಳು. ಒಬ್ಬಳು ಒಪ್ಪಿದ ಮೇಲೆ ಇನ್ನೊಬ್ಬಳು ಹೋಗದೆ ಹೇಗೆ?

ಬಬಲೇಶ್ವರಕ್ಕೆ ಹೋಗಿ ನೋಡಿದರೆ ಬೂದಿ ಗುಂಡಿ ಮುಚ್ಚಿದ್ದರು. ಹಿತ್ತಲ ಮೆಟ್ಟಿಲು ತೊಳೆದು, ಅದರ ಮೇಲೆ ಆ ಹೊಸ ಜಮಖಾನೆಯನ್ನೇ ಹಾಸಿದ್ದರು. ಒಲೆಯನ್ನು ಬಾಗಿಲ ಹತ್ತಿರಕ್ಕೆ ಸರಿಸಿ ಹೂಡಿದ್ದರು. ಅಮ್ಮ ರಾಣಿಯ ಹಾಗೆ ಕೂತಳು, ನನಗೆ ಕುಣಿಯುವಷ್ಟು ಖುಷಿಯಾಯಿತು. ಎರಡನೇ ಸಲದ ಬೀಗರಿಗೆ ಶೇಂಗಾ ಹೋಳಿಗೆ ಸಾಕು, ಆದರೆ ಸತ್ಯವ್ವ ಕಡಲೆಬೇಳೆಯನ್ನೇ ಇಟ್ಟಳು.

ಬೆಲ್ಲ ಬಿತ್ತು. ಅವಳು ತಿರುವತೊಡಗಿದಳು, ಹಣೆಯ ಕುಂಕುಮ ಬೆವರಿಗೆ ಇಳಿಯುತ್ತಿತ್ತು. ಅಮ್ಮ ಕೆಮ್ಮಲಿಲ್ಲ, ನೀರನ್ನೂ ಕೇಳಲಿಲ್ಲ. ಎಲ್ಲರೆದುರಿಗೆ ಮೂಗು ಎತ್ತಿ, ಕಣ್ಣು ಮುಚ್ಚಿ, ಬಾಯಿ ಬಿಟ್ಟೇ ಹೇಳಿದಳು. "ಈಗ ಇಳಸು, ಸತ್ಯಾ."

ಸತ್ಯವ್ವ ಪಾತ್ರೆಯ ಕಿವಿ ಹಿಡಿದಳು, ಎತ್ತಲಿಲ್ಲ. ಅಷ್ಟು ವರ್ಷದಲ್ಲಿ ಅಡುಗೆಯ ಮಾತನ್ನು ಅವಳು ಯಾರನ್ನೂ ಕೇಳಿದ್ದನ್ನು ನಾನು ನೋಡಿರಲಿಲ್ಲ.

"ಖರೇನ?" ಅಂದಳು.

"ಖರೇ," ಅಂದಳು ಅಮ್ಮ.

ಸತ್ಯವ್ವ ಪಾತ್ರೆ ಇಳಿಸಿದಳು. ಹುಟ್ಟನ್ನು ಮಾತ್ರ ಇನ್ನೂ ಬಿಗಿಯಾಗಿ ಹಿಡಿದೇ ಇದ್ದಳು.