ಬಾಗಿಲ ಮೇಲಿನ ನಕಲು

ಆಗಸ್ಟ್ ೬, ಬುಧವಾರ, ಬೆಳಿಗ್ಗೆ ೯.೪೦. ಸಿಂಧನೂರಿನ ನಮ್ಮ ಕೋಣೆಯಲ್ಲಿ ನನ್ನ ಪ್ರೋಗ್ರಾಮಿನ ಪರೀಕ್ಷೆಗಳನ್ನು ಆಗಷ್ಟೇ ಓಡಿಸಿದ್ದೆ. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಪಾಸು. ದಿನಚರಿಯಲ್ಲಿ ಆ ಅಂಕಿಯ ಕೆಳಗೆ ಗೆರೆ ಎಳೆಯುತ್ತಿದ್ದಾಗ ಚಿಗವ್ವನ ಫೋನು ಬಂತು.

"ಎಲ್ಲಿ ಅದೀಯವ್ವಾ?"

"ಆಫೀಸಿನ್ಯಾಗ, ಚಿಗವ್ವಾ. ನೀ?"

"ನಾ ಜವಳಗೇರಾದಾಗ ಬದುವಿನ ಮ್ಯಾಲೆ ನಿಂತೀನಿ. ಹನ್ನೆರಡು ಮಂದಿನೂ ನಿಂತೀವಿ. ನೀ ತೋರಿಸಿದ ಹೊಲ ನಿನ್ನೇನ ಹಚ್ಚಿ ಮುಗಿಸ್ಯಾರ. ಸಸಿ ನಮ್ಮನ್ನ ನೋಡಿ ನಗಾಕತ್ತಾವು."

ಚಿಗವ್ವ ನನ್ನ ತಾಯಿಯ ತಂಗಿ. ಮಸ್ಕಿ ಹತ್ತಿರದ ಪಾಮನಕಲ್ಲೂರಿನಲ್ಲಿ ಭತ್ತದ ನಾಟಿಗೆ ಹೋಗುವ ಹೆಂಗಸರ ತಂಡದ ಮುಂದಾಳು. ಇಂಥ ತಂಡಗಳಿಗೆ ನಾಳೆಯ ಹೊಲ ಯಾವುದೆಂದು ಮೊಬೈಲಿನಲ್ಲಿ ತೋರಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಲಿಂಗಸುಗೂರಿನಲ್ಲಿರುವ ನಮ್ಮ ಹಿರಿಯ, ನಾನು ಅಣ್ಣ ಎನ್ನುವವರು, ರೈತರ ಫೋನು ಬಂದಾಗ ಹೊಲ ಬದಲಾಯಿಸುತ್ತಾರೆ. ಅದು ಡೇಟಾಬೇಸಿಗೆ ಸೇರುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ನೋಡುವುದರಿಂದ ಪ್ರತಿ ಸಲ ಡೇಟಾಬೇಸಿಗೆ ಹೋಗದೆ ಬೇಗ ಉತ್ತರ ಕೊಡಲು ಕಂಪ್ಯೂಟರಿನ ನೆನಪಿನಲ್ಲಿ ಒಂದು ನಕಲು ಇಟ್ಟಿದ್ದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಆ ನಕಲು ಹಳೆಯದಾಗಿತ್ತು.

"ಸೋಮವಾರದಿಂದ ನಾಟಿ ಜೋರು. ಅಲ್ಲೀತನಕ ನೋಡ್ತೀನಿ. ಮತ್ತ ಹಿಂಗಾತಂದ್ರ ನಿನ್ನ ಪ್ರೋಗ್ರಾಮೂ ಬ್ಯಾಡ, ನೀನೂ ಬ್ಯಾಡ," ಎಂದಳು ಚಿಗವ್ವ. ಫೋನು ಇಡುವ ಮುನ್ನ, "ಶನಿವಾರ ಊಟಕ್ಕ ಮಾತ್ರ ಬಾ," ಎಂದಳು.

ಪ್ರೋಗ್ರಾಂ ನಿಜವಾಗಿ ಓಡುವುದು ಲಿಂಗಸುಗೂರಿನ ಅಪ್ಲಿಕೇಶನ್ ಸರ್ವರಿನಲ್ಲಿ. ಡೇಟಾಬೇಸಿನ ಸಂಪರ್ಕವನ್ನೂ ನಕಲಿಗೆ ಜಾಗವನ್ನೂ ಆ ಸರ್ವರೇ ಕೊಡಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಅದರ ಬದಲಿಗೆ ನಲವತ್ತು ಸಾಲಿನ ಒಂದು ಸುಳ್ಳು ಸರ್ವರ್ ಬರೆದುಕೊಂಡು, ಪರೀಕ್ಷೆಗಳನ್ನೆಲ್ಲ ಅದರ ಮೇಲೆ ಓಡಿಸುತ್ತಿದ್ದೆ. ಗುರುವಾರ ಲಿಂಗಸುಗೂರಿಗೇ ಹೋದೆ. ಒಂದು ಸಲ ಪ್ರೋಗ್ರಾಂ ಏರಿಸಿ ಸರ್ವರ್ ಚಾಲೂ ಮಾಡಲು ಒಂಬತ್ತು ನಿಮಿಷ. ಸಂಜೆಯವರೆಗೆ ಹದಿನಾಲ್ಕು ಸಲ ಏರಿಸಿದೆ, ಹದಿನಾಲ್ಕು ಸಲವೂ ಸರಿಯಾದ ಹೊಲವೇ ಬಂತು. ಚಹಾ ಐದು.

"ತಪ್ಪು ನಿನ್ನ ಕಂಡ್ರ ಹೆದರತೈತಿ ತಂಗಿ," ಎಂದರು ಅಣ್ಣ.

ಸರ್ವರಿನ ದಾಖಲೆಯಿಂದ ಗೊತ್ತಾದದ್ದು ಒಂದೇ. ಮಂಗಳವಾರ ಸಂಜೆ ೬.೦೨ಕ್ಕೆ ಅಣ್ಣ ಹೊಲ ಬದಲಾಯಿಸಿದ್ದರು. ಅದೇ ನಿಮಿಷ ಪಾಮನಕಲ್ಲೂರಿನ ಮೂರು ಮಂದಿ ಮೊಬೈಲು ನೋಡಿದ್ದರು.

ಶನಿವಾರ ಮಸ್ಕಿಯಲ್ಲಿ ಬಸ್ಸು ಬದಲಿಸಿ ಊರು ಸೇರಿದಾಗ ೧೨.೧೫. ಚಿಗವ್ವನ ಮನೆಯ ತಲಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನಾಳೆಯ ಹೊಲ ಬರೆದಿರುತ್ತದೆ. ಮೊಬೈಲಿಲ್ಲದವರು ಹೋಗಿಬರುವಾಗ ಓದಿಕೊಳ್ಳುತ್ತಾರೆ. ಖರೆ ಲೆಕ್ಕವಿರುವುದು ಚಿಗವ್ವನ ಪುಸ್ತಕದಲ್ಲಿ. ನಾನು ರೊಟ್ಟಿ ಮುರಿಯುತ್ತಿದ್ದಾಗ ಪರಿಚಯದ ಒಬ್ಬ ರೈತನ ಫೋನು ನೇರ ಅವಳಿಗೇ ಬಂತು, ಹೊಲ ಬದಲು ಎಂದು. ಕೇಳಿಸಿಕೊಂಡ ಸೊಸೆ ಕೂಡಲೇ ಬಾಗಿಲು ಒರೆಸಿದಳು. ಚಿಗವ್ವನ ಮಾತು ಇನ್ನೂ ನಡೆದಿತ್ತು, ಪುಸ್ತಕ ತಿದ್ದಿರಲಿಲ್ಲ. ಅಷ್ಟರಲ್ಲಿ ತಂಡದ ಹೆಂಗಸೊಬ್ಬಳು ಬಂದು ನಾಳೆ ಎಲ್ಲಿ ಎಂದು ಕೇಳಿದಳು. ಅತ್ತೆ ಆಗಲೇ ತಿದ್ದಿರಬೇಕೆಂದುಕೊಂಡು ಸೊಸೆ ಪುಸ್ತಕ ನೋಡಿ, ಹಳೆಯ ಹೊಲವನ್ನೇ ಬಾಗಿಲ ಮೇಲೆ ಮತ್ತೆ ಬರೆದಳು. ಆಮೇಲೆ ಚಿಗವ್ವ ಪುಸ್ತಕ ತಿದ್ದಿ ಹೊರಗೆ ಬಂದಳು.

"ಎಷ್ಟ ಸಲ ಹೇಳೀನಿ ನಿನಗ! ಮೊದಲ ಪುಸ್ತಕದಾಗ ಬರಿಬೇಕು, ಪುಸ್ತಕ ಮುಚ್ಚಬೇಕು, ಆಮ್ಯಾಲ ಬಾಗಲ ಒರಸಬೇಕು!"

"ನೀವು ಫೋನಿನ್ಯಾಗ ಅರ್ಧ ತಾಸು ಕುಂತ್ರ ನಾ ಏನ್ ಮಾಡ್ಲಿರೀ ಅತ್ತೀ?"

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ನನ್ನ ಪ್ರೋಗ್ರಾಂ ಮಾಡುತ್ತಿದ್ದದ್ದು ಸೊಸೆಯ ಕೆಲಸವನ್ನೇ. ಮೊದಲು ನಕಲು ಒರೆಸುತ್ತಿತ್ತು. ಸರ್ವರ್ ಮಾತ್ರ ಇಡೀ ಕೆಲಸ ಮುಗಿದ ಮೇಲೆಯೇ ಬದಲಾವಣೆಯನ್ನು ಡೇಟಾಬೇಸಿನಲ್ಲಿ ಖಾಯಂ ಮಾಡುತ್ತದೆ. ಆ ನಡುವೆ ಯಾರಾದರೂ ನೋಡಿದರೆ ಹಳೆಯದೇ ಮತ್ತೆ ನಕಲಾಗುತ್ತದೆ. ನನ್ನ ಸುಳ್ಳು ಸರ್ವರಿಗೆ ಕಾಯುವುದೇ ಗೊತ್ತಿರಲಿಲ್ಲ, ಬರೆದದ್ದು ತಕ್ಷಣ ಖಾಯಂ. ಇನ್ನು ಲಿಂಗಸುಗೂರಿನಲ್ಲಿ ನಾನೊಬ್ಬಳೇ, ಬದಲಾಯಿಸಿ ಮುಗಿಸಿ ನಿಧಾನಕ್ಕೆ ನೋಡುತ್ತಿದ್ದೆ. ನಡುವೆ ಬಂದು ಕೇಳುವವರೇ ಇರಲಿಲ್ಲ.

ಕೈ ತೊಳೆದು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಸುಳ್ಳು ಸರ್ವರಿಗೆ ಕಾಯುವುದನ್ನು ಕಲಿಸಿ ಇಪ್ಪತ್ಮೂರನೆಯ ಪರೀಕ್ಷೆ ಬರೆದೆ: ಹೊಲ ಬದಲಿಸು, ಖಾಯಂ ಆಗುವ ಮೊದಲೇ ಒಮ್ಮೆ ಕೇಳು, ಆದ ಮೇಲೆ ಮತ್ತೆ ಕೇಳು. ಆರು ಸಲ ಓಡಿಸಿದೆ. ಆರು ಸಲವೂ ಫೇಲು, ಅಂದರೆ ತಪ್ಪು ಕೊನೆಗೂ ಕೈಗೆ ಸಿಕ್ಕಿತ್ತು. ಅಣ್ಣನಿಗೆ ಫೋನು ಮಾಡಿದೆ.

"ಅಣ್ಣಾ, ಫೇಲ್ ಆತು!"

"ಹುಚ್ಚಿ, ಫೇಲಾದ್ರ ಯಾರರ ಇಷ್ಟು ಕುಣೀತಾರೇನು?"

ಚಿಗವ್ವನ ಕ್ರಮವನ್ನೇ ಪ್ರೋಗ್ರಾಮಿಗೆ ಹಾಕಿದೆ. ಡೇಟಾಬೇಸಿನಲ್ಲಿ ಖಾಯಂ ಆಯಿತೆಂದು ಸರ್ವರ್ ಹೇಳಿದ ಮೇಲೆಯೇ ನಕಲು ಒರೆಸುವುದು. ಇಪ್ಪತ್ಮೂರೂ ಪಾಸಾದವು. ಭಾನುವಾರ ಲಿಂಗಸುಗೂರಿನ ನಿಜವಾದ ಸರ್ವರಿನಲ್ಲಿ ಅಣ್ಣ ಹೊಲ ಬದಲಿಸುತ್ತಿದ್ದರು, ನಾನು ಎರಡು ಮೊಬೈಲುಗಳಿಂದ ಬಿಡದೆ ಕೇಳುತ್ತಿದ್ದೆ. ನಲವತ್ತು ಸಲ. ಮೂವತ್ತೊಂಬತ್ತು ಸರಿ, ಒಂದು ಹಳೆಯದು.

ಆ ಒಂದನ್ನು ಮುಚ್ಚಿಡಲು ಮನಸ್ಸಾಗಲಿಲ್ಲ. ಸಂಜೆ ಫೋನಿನಲ್ಲಿ ಚಿಗವ್ವನಿಗೆ ಹೇಳಿದೆ.

"ಒಂದು ಉಳದೈತೇನು?" ಎಂದಳು. "ಇರ್ಲಿ ಬಿಡು. ಮೊಬೈಲೂ ನೋಡ್ತೀವಿ, ಬಾಗಲಾನೂ ನೋಡ್ತೀವಿ. ಎರಡೂ ಒಂದ ಹೇಳಿದ್ರ ಟಂಟಂ ಗಾಡಿ ಹತ್ತತೀವಿ."

ಸೋಮವಾರ ಬೆಳಿಗ್ಗೆ ೭.೧೦ಕ್ಕೆ ಜವಳಗೇರಾದಿಂದ ಚಿಗವ್ವನ ಫೋನು ಬಂತು. "ಹೊಲ ಖಾಲಿ ಐತಿ, ನೀರು ನಿಂತೈತಿ. ಇಳೀತೀವಿ, ಇಡು."

ಅಂದಿನಿಂದ ತಂಡ ಒಮ್ಮೆಯೂ ತಪ್ಪು ಹೊಲಕ್ಕೆ ಹೋಗಿಲ್ಲ. ಆದರೆ ಬಾಗಿಲ ಬರಹ ಇನ್ನೂ ನಿಂತಿಲ್ಲ, ನನ್ನ ದಿನಚರಿಯ ಆ ಒಂದೂ ಹಾಗೇ ಇದೆ. ಡೇಟಾಬೇಸು ಬದಲಾಗುವ ಮೊದಲೇ ಅದರಲ್ಲಿ ಹಳೆಯದನ್ನು ಓದಿಕೊಂಡವರು ಯಾರೋ ನಕಲು ಒರೆಸಿದ ಮೇಲೆ ಬಂದು ಅದನ್ನೇ ಬರೆದಿರಬಹುದೇ ಎಂಬ ಅನುಮಾನವಿದೆ. ಅದನ್ನು ಬೇಕೆಂದಾಗ ಮಾಡಿ ತೋರಿಸುವ ಪರೀಕ್ಷೆ ಮಾತ್ರ ನನ್ನಿಂದ ಇನ್ನೂ ಬರೆಯಲಾಗಿಲ್ಲ. ಇಂಥದ್ದನ್ನು ಹಿಡಿದವರು ಇದನ್ನು ಓದುತ್ತಿದ್ದರೆ, ಹೇಗೆ ಹಿಡಿದಿರಿ ಎಂದು ನಾಲ್ಕು ಸಾಲು ಬರೆದು ತಿಳಿಸಿ.